ಸೂತ್ರದಲ್ಲಿ ಬೇಕಾದ ಅಕ್ಷರವನ್ನು ಒಂಟಿಯಾಗಿ ನಿಲ್ಲಿಸುವುದು: ಮಕ್ಕಳು ಎಡವುವುದು ಎಲ್ಲಿ?

ಶ್ರೀನಿವಾಸಪುರ ತಾಲ್ಲೂಕಿನ ಪ್ರೌಢಶಾಲಾ ಗಣಿತ ಶಿಕ್ಷಕಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಮ್ಮ ಭಾಗದ ಶಿಕ್ಷಕರೂ ಪೋಷಕರೂ ಬೇರೆ ಬೇರೆ ಕಸುಬಿನವರೂ ಇಲ್ಲಿ ಸೇರಿರುವುದರಿಂದ ನನ್ನ ತರಗತಿಯ ಒಂದು ಸಮಸ್ಯೆಯನ್ನು ಸ್ವಲ್ಪ ವಿವರವಾಗಿಯೇ ಮುಂದಿಡುತ್ತಿದ್ದೇನೆ. ಕಳೆದ ವಾರ ಒಂಬತ್ತನೆಯ ತರಗತಿಯ ಮಕ್ಕಳಿಗೆ ವಿಜ್ಞಾನದ ಚಲನೆಯ ಪಾಠದಿಂದ ಈ ಸೂತ್ರವನ್ನು ಕೊಟ್ಟು, ಕಾಲವನ್ನು ಸೂತ್ರದ ಕರ್ತೃವಾಗಿ ಮಾಡಿ, ಅಂದರೆ ಅದೊಂದೇ ಒಂದು ಬದಿಯಲ್ಲಿ ಉಳಿಯುವಂತೆ ಬರೆಯಲು ಹೇಳಿದೆ.

ಕೊನೆಯ ವೇಗ = ಮೊದಲ ವೇಗ + ವೇಗೋತ್ಕರ್ಷ × ಕಾಲ

ಇದೇ ಮಕ್ಕಳು ಹಿಂದಿನ ದಿನ 20 = 5 + 3 × ಕಾಲ ಎಂಬ ಲೆಕ್ಕವನ್ನು ಮಾಡಿ, ಕಾಲ 5 ಎಂದು ತಪ್ಪಿಲ್ಲದೆ ಬರೆದಿದ್ದರು. ಸಂಖ್ಯೆಗಳು ಹೋಗಿ ಹೆಸರುಗಳಷ್ಟೇ ಉಳಿದಾಗ ಮೂರು ಬಗೆಯ ತಪ್ಪು ಉತ್ತರಗಳು ಬಂದವು. ಹಲವರು ಕೊನೆಯ ವೇಗದಿಂದ ಮೊದಲ ವೇಗವನ್ನು ಕಳೆದು ಆವರಣ ಹಾಕದೆ ಬರೆದಿದ್ದರಿಂದ, ಮೊದಲ ವೇಗವೊಂದನ್ನೇ ವೇಗೋತ್ಕರ್ಷದಿಂದ ಭಾಗಿಸಿದಂತಾಯಿತು. ಕೆಲವರು ಕೊನೆಯ ವೇಗವನ್ನು ಮೊದಲು ಭಾಗಿಸಿ, ಬಳಿಕ ಮೊದಲ ವೇಗವನ್ನು ಕಳೆದಿದ್ದರು. ಒಬ್ಬ ಹುಡುಗಿ ಮಾತ್ರ ಆವರಣವನ್ನು ಸರಿಯಾಗಿ ಹಾಕಿ, ಛೇದದಲ್ಲಿ ವೇಗೋತ್ಕರ್ಷದ ಮುಂದೆ ಋಣಚಿಹ್ನೆಯನ್ನು ಇಟ್ಟಿದ್ದಳು. ಏಕೆಂದು ಕೇಳಿದಾಗ ಅವಳು, “ಆ ಕಡೆಗೆ ಹೋದರೆ ಚಿಹ್ನೆ ಬದಲಾಗುತ್ತದೆ ಎಂದು ನೀವೇ ಹೇಳಿದ್ದೀರಲ್ಲ, ಮೇಡಂ” ಎಂದಳು.

ಆ ಮಾತು ನನ್ನನ್ನು ಬಹಳ ಯೋಚಿಸುವಂತೆ ಮಾಡಿದೆ. ಅವಳು ನಾನು ಹೇಳಿಕೊಟ್ಟ ನಿಯಮವನ್ನು ಅಕ್ಷರಶಃ ಪಾಲಿಸಿದ್ದಳು. ಹಾಗಾದರೆ ತಪ್ಪು ಇರುವುದು ನಿಯಮವನ್ನು ನಾನು ಹೇಳಿಕೊಟ್ಟ ರೀತಿಯಲ್ಲಿ. ಇದನ್ನು ನೀವು ಹೇಗೆ ಕಲಿಸುತ್ತೀರಿ ಅಥವಾ ಹೇಗೆ ಕಲಿತಿರಿ, ನಿಮ್ಮ ಕೆಲಸದಲ್ಲಿ ಸೂತ್ರವನ್ನು ಹೀಗೆ ತಿರುಗಿಸಿ ಬರೆಯಬೇಕಾದ ಸಂದರ್ಭ ಬರುತ್ತದೆಯೇ ಎಂಬುದನ್ನು ದಯವಿಟ್ಟು ತಿಳಿಸಿ.

ಚಿಕ್ಕಬಳ್ಳಾಪುರದ ನಿವೃತ್ತ ಮುಖ್ಯೋಪಾಧ್ಯಾಯರು

ಮೇಡಂ, ನಿಮ್ಮ ವಿದ್ಯಾರ್ಥಿನಿಯ ಉತ್ತರವನ್ನು ನಾನು ಮೂವತ್ತು ವರ್ಷಗಳ ಕಾಲ ಉತ್ತರಪತ್ರಿಕೆಗಳಲ್ಲಿ ನೋಡಿದ್ದೇನೆ. ಪಕ್ಷಾಂತರ ಎಂಬ ಮಾತೇ ಇದರ ಬೇರು. ಪದವು ಎಡಬದಿಯಿಂದ ಎದ್ದು ಬಲಬದಿಗೆ ನಡೆದುಹೋಗುತ್ತದೆ, ಸಮಚಿಹ್ನೆಯ ಹೊಸ್ತಿಲನ್ನು ದಾಟುವಾಗ ವೇಷ ಬದಲಿಸುತ್ತದೆ ಎಂಬ ಚಿತ್ರವನ್ನು ಆ ಮಾತು ಮಗುವಿನ ಮನಸ್ಸಿನಲ್ಲಿ ಬಿಡಿಸುತ್ತದೆ. ವಾಸ್ತವದಲ್ಲಿ ಯಾವ ಪದವೂ ಎಲ್ಲಿಗೂ ಹೋಗುವುದಿಲ್ಲ. ಎರಡೂ ಬದಿಗಳಿಗೆ ನಾವು ಒಂದೇ ಕೆಲಸವನ್ನು ಮಾಡುತ್ತೇವೆ, ಅಷ್ಟೆ. ಎರಡೂ ಬದಿಗಳಿಂದ ಮೊದಲ ವೇಗವನ್ನು ಕಳೆದಾಗ ಬಲಬದಿಯಲ್ಲಿ ಅದು ಇಲ್ಲವಾಗುತ್ತದೆ, ಎಡಬದಿಯಲ್ಲಿ ಕಳೆದ ಗುರುತು ಉಳಿಯುತ್ತದೆ. ಆ ಗುರುತನ್ನು ನೋಡಿದ ಮಗುವಿಗೆ ಪದವೇ ದಾಟಿ ಬಂದಂತೆ ತೋರುತ್ತದೆ. ಎರಡೂ ಬದಿಗಳನ್ನು ವೇಗೋತ್ಕರ್ಷದಿಂದ ಭಾಗಿಸಿದಾಗ ಉಳಿಯುವ ಗುರುತು ಭಾಗಾಕಾರದ್ದೇ ಹೊರತು ಋಣಚಿಹ್ನೆಯಲ್ಲ.

ನಾನು ತರಗತಿಯಲ್ಲಿ ಎರಡು ಪ್ರಶ್ನೆಗಳನ್ನಷ್ಟೇ ಕೇಳಿಸುತ್ತಿದ್ದೆ. ನಮಗೆ ಬೇಕಾದ ಅಕ್ಷರಕ್ಕೆ ಈ ಸೂತ್ರದಲ್ಲಿ ಮೊದಲು ಏನು ಮಾಡಲಾಗಿದೆ, ಆಮೇಲೆ ಏನು ಮಾಡಲಾಗಿದೆ? ಕೊನೆಯಲ್ಲಿ ಮಾಡಿದ್ದನ್ನು ಮೊದಲು ಬಿಚ್ಚಲು ಏನು ಮಾಡಬೇಕು? ನಿಮ್ಮ ಉದಾಹರಣೆಯಲ್ಲಿ ಕಾಲವನ್ನು ಮೊದಲು ವೇಗೋತ್ಕರ್ಷದಿಂದ ಗುಣಿಸಲಾಗಿದೆ, ಬಳಿಕ ಮೊದಲ ವೇಗವನ್ನು ಕೂಡಲಾಗಿದೆ. ಆದ್ದರಿಂದ ಕೂಡಿದ್ದನ್ನು ಮೊದಲು ಕಳೆಯಬೇಕು, ಗುಣಿಸಿದ್ದನ್ನು ಆಮೇಲೆ ಭಾಗಿಸಬೇಕು. ಆ ಭಾಗಾಕಾರವು ಕಳೆದು ಉಳಿದ ಇಡೀ ಮೊತ್ತಕ್ಕೆ ಅನ್ವಯಿಸುವುದರಿಂದ ಆವರಣ ತಾನಾಗಿಯೇ ಬರುತ್ತದೆ. ಅದನ್ನು ಬೇರೆ ನಿಯಮವಾಗಿ ಬಾಯಿಪಾಠ ಮಾಡಿಸಬೇಕಾಗಿಲ್ಲ.

ಇದು ನಾನು ಕಂಡುಕೊಂಡ ಉಪಾಯವೇನೂ ಅಲ್ಲ. ಆರ್ಯಭಟನು 499ರಲ್ಲಿ ರಚಿಸಿದ ಗ್ರಂಥದ ಗಣಿತಪಾದದಲ್ಲಿ ವಿಲೋಮ ಕ್ರಮವನ್ನು ಒಂದೇ ಶ್ಲೋಕದಲ್ಲಿ ಹೇಳಿದ್ದಾನೆ: ಹಿಂದಕ್ಕೆ ಹೋಗುವಾಗ ಗುಣಕವು ಭಾಜಕವಾಗುತ್ತದೆ, ಭಾಜಕವು ಗುಣಕವಾಗುತ್ತದೆ, ಕೂಡಿದ್ದನ್ನು ಕಳೆಯಬೇಕು, ಕಳೆದದ್ದನ್ನು ಕೂಡಬೇಕು ಎಂಬುದು ಅದರ ಭಾವ. ಗುಣಕವು ಭಾಜಕವಾಗುತ್ತದೆ ಎಂದು ಅಲ್ಲಿ ಸ್ಪಷ್ಟವಾಗಿದೆ. ಚಿಹ್ನೆ ಬದಲಾಗುತ್ತದೆ ಎಂಬ ಸಡಿಲವಾದ ಮಾತು ಅಲ್ಲಿಲ್ಲ.

ತುಮಕೂರಿನ ಎಂಜಿನಿಯರಿಂಗ್ ವಿದ್ಯಾರ್ಥಿ

ಮೇಷ್ಟರ ಮಾತನ್ನು ಓದಿದಾಗ ನನಗೆ ರೇಷ್ಮೆ ಗೂಡಿನ ಹೋಲಿಕೆ ಹೊಳೆಯಿತು. ಹುಳು ಪದರದ ಮೇಲೆ ಪದರವಾಗಿ ಸುತ್ತಿದ್ದನ್ನು ನಾವು ಹೊರಗಿನ ಪದರದಿಂದ ಬಿಚ್ಚುತ್ತಾ ಒಳಗಿನ ಹುಳುವನ್ನು ತಲುಪುವಂತೆ, ಸೂತ್ರದಲ್ಲಿಯೂ ಕೊನೆಯಲ್ಲಿ ಸುತ್ತಿದ್ದನ್ನು ಮೊದಲು ಬಿಚ್ಚಿ ಅಕ್ಷರವನ್ನು ತಲುಪಬೇಕು ಎಂದು ಹೇಳಿದರೆ ನಮ್ಮ ಕಡೆಯ ಮಕ್ಕಳಿಗೆ ಬೇಗ ಅರ್ಥವಾದೀತು.

ಇನ್ನೊಂದು ಸಲಹೆ: ಓಮನ ನಿಯಮದಂತಹ ಸಣ್ಣ ಸೂತ್ರಗಳಿಗೆ ತ್ರಿಕೋನ ಬರೆದು, ಮೇಲೆ ವಿಭವಾಂತರವನ್ನೂ ಕೆಳಗೆ ವಿದ್ಯುತ್ ಪ್ರವಾಹ ಮತ್ತು ರೋಧವನ್ನೂ ಇಟ್ಟು, ಬೇಕಾದುದನ್ನು ಬೆರಳಿನಿಂದ ಮುಚ್ಚಿದರೆ ಉತ್ತರ ಸಿಗುತ್ತದೆ. ನಾನು ಪರೀಕ್ಷೆಗಳಲ್ಲಿ ಅದನ್ನೇ ನಂಬಿಕೊಂಡು ಪಾಸಾದವನು.

ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚಾಣಿಕೆದಾರ

ತಮ್ಮಾ, ನಿನ್ನ ಹೋಲಿಕೆ ಕೇಳಲು ಚೆನ್ನಾಗಿದೆ, ಆದರೆ ಗೂಡು ಹಾಗೆ ಆಗುವುದಿಲ್ಲ. ಹುಳು ಒಳಗೆ ಕುಳಿತುಕೊಂಡು ಮೊದಲು ಹೊರಗಿನ ಜಾಳು ಪದರವನ್ನು ಹೆಣೆಯುತ್ತದೆ, ಆಮೇಲೆ ಒಳಗೊಳಗೆ ಸುತ್ತುತ್ತಾ ಬರುತ್ತದೆ. ಬಿಸಿನೀರಿನಲ್ಲಿ ಬೇಯಿಸಿದ ಗೂಡಿನಿಂದ ನಾವು ಎಳೆ ತೆಗೆಯುವಾಗ ನಮ್ಮ ಕೈಗೆ ಮೊದಲು ಸಿಗುವುದು ಹುಳು ಮೊದಲು ಸುತ್ತಿದ ಎಳೆಯೇ. ಅಂದರೆ ಮೊದಲು ಸುತ್ತಿದ್ದು ಮೊದಲು ಬಿಚ್ಚುತ್ತದೆ. ನೀನು ಹೇಳಬೇಕೆಂದಿರುವುದು ಅದರ ತಿರುವುಮುರುವು. ಕೋಲಾರದ ಮಾರುಕಟ್ಟೆಯಲ್ಲಿ ಲಾರಿಗೆ ಟೊಮೆಟೊ ಕ್ರೇಟು ತುಂಬುವುದನ್ನು ನೋಡಿದ್ದರೆ ಅದು ಸರಿಯಾದ ಹೋಲಿಕೆ: ಕೊನೆಗೆ ಬಾಗಿಲ ಬಳಿ ಇಟ್ಟ ಕ್ರೇಟನ್ನು ಮೊದಲು ಇಳಿಸದೆ ಒಳಗಿನದನ್ನು ಮುಟ್ಟಲು ಆಗುವುದಿಲ್ಲ.

ಇನ್ನು ಮೇಡಂ ಕೇಳಿದ ಪ್ರಶ್ನೆಗೆ ಬರುತ್ತೇನೆ. ಸೂತ್ರವನ್ನು ತಿರುಗಿಸುವುದು ನಮಗೆ ಪ್ರತಿದಿನ ಬೆಳಗಿನ ಕೆಲಸ. ಗೂಡಿನ ಮಾರುಕಟ್ಟೆಯಲ್ಲಿ ಒಂದು ಲಾಟನ್ನು ನೋಡಿ, ಒಂದು ಹಿಡಿ ಗೂಡನ್ನು ಕೈಯಲ್ಲಿ ಒತ್ತಿ, ಕತ್ತರಿಸಿ, ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಬೇಕಾಗಬಹುದು ಎಂದು ಅಂದಾಜು ಮಾಡುತ್ತೇವೆ. ಅದಕ್ಕೆ ರೆಂಡಿಟಾ ಎನ್ನುತ್ತಾರೆ. ಒಂದು ಕಿಲೋ ನೂಲಿನ ಮೇಲೆ ನಮಗೆ ಉಳಿಯುವ ಲಾಭದ ಲೆಕ್ಕ ಹೀಗಿರುತ್ತದೆ.

ಲಾಭ = ನೂಲಿನ ಬೆಲೆ + ತ್ಯಾಜ್ಯದ ಆದಾಯ − ರೆಂಡಿಟಾ × ಗೂಡಿನ ಬೆಲೆ − ಖರ್ಚು

ತ್ಯಾಜ್ಯದ ಆದಾಯವೆಂದರೆ ಬಿಚ್ಚಲು ಬಾರದ ನೂಲು ಮತ್ತು ಒಳಗಿನ ಹುಳುವನ್ನು ಮಾರಿ ಬರುವ ಹಣ. ಖರ್ಚೆಂದರೆ ಕೂಲಿ, ಸೌದೆ, ವಿದ್ಯುತ್ತು, ನೀರು. ಆದರೆ ಹರಾಜಿನಲ್ಲಿ ನಿಂತಾಗ ನಮಗೆ ಬೇಕಾದದ್ದು ಲಾಭವಲ್ಲ. ಇಷ್ಟು ಲಾಭ ಉಳಿಯಬೇಕಾದರೆ ಗೂಡಿಗೆ ಗರಿಷ್ಠ ಎಷ್ಟು ಬೆಲೆ ಕೂಗಬಹುದು ಎಂಬುದು. ನನ್ನ ಮಗ ಹತ್ತನೆಯ ತರಗತಿಯಲ್ಲಿದ್ದಾಗ ಇದನ್ನು ಕಾಗದದ ಮೇಲೆ ತಿರುಗಿಸಿ ಕೊಡು ಎಂದೆ. ಅವನು ತಂದುಕೊಟ್ಟ ಸೂತ್ರದಲ್ಲಿ ಲೆಕ್ಕ ಹಾಕಿದರೆ ಗೂಡಿನ ಬೆಲೆ ಕಿಲೋಗೆ ಋಣ 600 ರೂಪಾಯಿ ಎಂದು ಬಂತು. ಸಂಖ್ಯೆ ಸರಿಯಾಗಿತ್ತು, ಚಿಹ್ನೆ ತಪ್ಪಿತ್ತು. ಮೈನಸ್ ಇರುವ ಪದವನ್ನು ಬಿಡಿಸಬೇಕಾದಾಗ ಏನು ಮಾಡಬೇಕು ಎಂಬುದನ್ನು ಯಾರಾದರೂ ವಿವರವಾಗಿ ಬರೆಯಿರಿ. ಲೆಕ್ಕಕ್ಕಾಗಿ ನಾನು ಇಟ್ಟುಕೊಂಡಿದ್ದ ಸಂಖ್ಯೆಗಳು: ನೂಲು 5000, ತ್ಯಾಜ್ಯ 250, ಖರ್ಚು 900, ಲಾಭ 150 ರೂಪಾಯಿ, ರೆಂಡಿಟಾ 7. ಇವು ಇಂದಿನ ಧಾರಣೆಯಲ್ಲ, ಊಹಿಸಿಕೊಂಡವು.

ಚಿಕ್ಕಬಳ್ಳಾಪುರದ ನಿವೃತ್ತ ಮುಖ್ಯೋಪಾಧ್ಯಾಯರು

ಗೂಡಿನ ಹೋಲಿಕೆಯನ್ನು ತಿದ್ದಿದ್ದಕ್ಕೆ ಧನ್ಯವಾದಗಳು. ಇಷ್ಟು ವರ್ಷ ಈ ಜಿಲ್ಲೆಯಲ್ಲೇ ಇದ್ದರೂ ಎಳೆಯ ಕ್ರಮವನ್ನು ನಾನು ಹೀಗೆ ಯೋಚಿಸಿರಲಿಲ್ಲ.

ನಿಮ್ಮ ಸೂತ್ರದಲ್ಲಿ ಗೂಡಿನ ಬೆಲೆ ಇರುವುದು ಕಳೆಯಲಾಗುತ್ತಿರುವ ಪದದ ಒಳಗೆ. ಅಂತಹ ಸ್ಥಿತಿಯಲ್ಲಿ ಸುರಕ್ಷಿತವಾದ ಮೊದಲ ಹೆಜ್ಜೆ ಯಾವುದೆಂದರೆ, ಆ ಇಡೀ ಪದವನ್ನು ಎರಡೂ ಬದಿಗಳಿಗೆ ಕೂಡುವುದು. ಬಲಬದಿಯಲ್ಲಿ ಕಳೆಯಲಾಗಿದ್ದದ್ದು ಭರ್ತಿಯಾಗುತ್ತದೆ, ಎಡಬದಿಯಲ್ಲಿ ಅದು ಧನಪದವಾಗಿ ನಿಲ್ಲುತ್ತದೆ.

ಲಾಭ + ರೆಂಡಿಟಾ × ಗೂಡಿನ ಬೆಲೆ = ನೂಲಿನ ಬೆಲೆ + ತ್ಯಾಜ್ಯದ ಆದಾಯ − ಖರ್ಚು

ಈಗ ಎರಡೂ ಬದಿಗಳಿಂದ ಲಾಭವನ್ನು ಕಳೆಯಿರಿ, ಬಳಿಕ ಇಡೀ ಬದಿಯನ್ನು ರೆಂಡಿಟಾದಿಂದ ಭಾಗಿಸಿ.

ಗೂಡಿನ ಬೆಲೆ = (ನೂಲಿನ ಬೆಲೆ + ತ್ಯಾಜ್ಯದ ಆದಾಯ − ಖರ್ಚು − ಲಾಭ) ÷ ರೆಂಡಿಟಾ

ನಿಮ್ಮ ಸಂಖ್ಯೆಗಳನ್ನು ಹಾಕಿದರೆ ಆವರಣದೊಳಗೆ 4200 ಬರುತ್ತದೆ, ಏಳರಿಂದ ಭಾಗಿಸಿದರೆ 600 ರೂಪಾಯಿ. ಮಗನು ಬಹುಶಃ ಉಳಿದ ಪದಗಳನ್ನೆಲ್ಲ ಎಡಬದಿಗೆ ತಂದು ಗೂಡಿನ ಪದವನ್ನು ಮೈನಸ್ ಸಮೇತ ಬಲಬದಿಯಲ್ಲೇ ಉಳಿಸಿ, ಕೊನೆಗೆ ಋಣ ರೆಂಡಿಟಾದಿಂದ ಭಾಗಿಸುವ ಬದಲು ಬರೀ ರೆಂಡಿಟಾದಿಂದ ಭಾಗಿಸಿರಬೇಕು. ಹಾಗೆ ಮಾಡಿದರೆ ಋಣ 600 ಬರುತ್ತದೆ.

ಕಳೆದ ಪದವನ್ನು ಭರ್ತಿ ಮಾಡುವ ಈ ಹೆಜ್ಜೆಯಿಂದಲೇ ಬೀಜಗಣಿತಕ್ಕೆ ಇಂಗ್ಲಿಷಿನಲ್ಲಿರುವ ಆಲ್ಜೀಬ್ರಾ ಎಂಬ ಹೆಸರು ಬಂದಿದೆ. ಒಂಬತ್ತನೆಯ ಶತಮಾನದಲ್ಲಿ ಬಾಗ್ದಾದಿನಲ್ಲಿದ್ದ ಅಲ್-ಖ್ವಾರಿಜ್ಮಿ ಬಳಸಿದ ಅಲ್-ಜಬ್ರ್ ಎಂಬ ಅರಬ್ಬಿ ಮಾತಿಗೆ ಮುರಿದದ್ದನ್ನು ಕೂಡಿಸುವುದು, ಕೊರತೆಯನ್ನು ತುಂಬುವುದು ಎಂಬ ಅರ್ಥವಿದೆ. ಮುರಿದ ಮೂಳೆಯನ್ನು ಕೂಡಿಸುವುದಕ್ಕೂ ಅದೇ ಮಾತು. ಋಣಪದವನ್ನು ಕಂಡ ಕೂಡಲೇ ಅದನ್ನು ಎರಡೂ ಬದಿಗಳಿಗೆ ಕೂಡಿ ಭರ್ತಿ ಮಾಡಬೇಕು ಎಂದು ಮಕ್ಕಳಿಗೆ ಅಭ್ಯಾಸ ಮಾಡಿಸಿದರೆ ಈ ತಪ್ಪುಗಳಲ್ಲಿ ಹೆಚ್ಚಿನವು ತಪ್ಪುತ್ತವೆ ಎಂಬುದು ನನ್ನ ಅನುಭವ.

ಸೂತ್ರದಲ್ಲಿ ಪೂರ್ತಿ ಪದಗಳನ್ನು ಬರೆಯಲು ಬೇಸರವಾದರೆ ಗೂ, ರೆ, ನೂ ಎಂದು ಮೊದಲ ಅಕ್ಷರಗಳನ್ನು ಬಳಸಿ. ಹನ್ನೆರಡನೆಯ ಶತಮಾನದ ಭಾಸ್ಕರಾಚಾರ್ಯರು ಅಜ್ಞಾತ ರಾಶಿಗಳಿಗೆ ಯಾವತ್ತಾವತ್, ಕಾಲಕ, ನೀಲಕ ಎಂದು ಹೆಸರಿಟ್ಟು ಯಾ, ಕಾ, ನೀ ಎಂದೇ ಬರೆಯುತ್ತಿದ್ದರು. ಪಠ್ಯಪುಸ್ತಕದ ರೋಮನ್ ಅಕ್ಷರಗಳನ್ನು ಮಕ್ಕಳು ಕಲಿಯಲೇಬೇಕು, ಆದರೆ ಅರ್ಥ ತಿಳಿಯುವವರೆಗೆ ನಮ್ಮ ಅಕ್ಷರಗಳಲ್ಲಿ ಮಾಡಿಸುವುದರಿಂದ ಯಾವ ನಷ್ಟವೂ ಇಲ್ಲ.

ಮುಳಬಾಗಿಲು ತಾಲ್ಲೂಕಿನ ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿ

ನಮ್ಮ ಡೈರಿಯಲ್ಲಿ ಹಾಲಿನ ಜಿಡ್ಡೇತರ ಘನಾಂಶವನ್ನು, ಅಂದರೆ ಎಸ್‌ಎನ್‌ಎಫ್ ಅನ್ನು, ಲ್ಯಾಕ್ಟೋಮೀಟರಿನ ಅಂಕ ಮತ್ತು ಜಿಡ್ಡಿನ ಅಂಶದಿಂದ ಲೆಕ್ಕ ಹಾಕುವ ಪದ್ಧತಿ ಇದೆ. ರಿಚ್ಮಂಡ್ ಸೂತ್ರದ ಮೂಲ ರೂಪ ಹೀಗಿದೆ.

ಘನಾಂಶ = ಅಂಕ ÷ 4 + 0.2 × ಜಿಡ್ಡು + 0.14

ಕೊನೆಯ ಸ್ಥಿರಾಂಕ ಎಲ್ಲ ಕಡೆಯೂ ಒಂದೇ ಆಗಿರುವುದಿಲ್ಲ, ನಿಮ್ಮ ಒಕ್ಕೂಟ ಕೊಟ್ಟಿರುವುದನ್ನೇ ಬಳಸಬೇಕು. ಲ್ಯಾಕ್ಟೋಮೀಟರ್ 28, ಜಿಡ್ಡು 4 ಇದ್ದರೆ ಘನಾಂಶ 7.94 ಬರುತ್ತದೆ. ಹಾಲು ಹಾಕುವ ರೈತರೊಬ್ಬರು ಒಮ್ಮೆ, “ಜಿಡ್ಡು ನಾಲ್ಕೇ ಇದ್ದರೆ ಘನಾಂಶ ಎಂಟೂವರೆ ಬರಲು ಲ್ಯಾಕ್ಟೋಮೀಟರ್ ಎಷ್ಟು ತೋರಿಸಬೇಕು?” ಎಂದು ಕೇಳಿದರು. ನಾನು ಅವಸರದಲ್ಲಿ ನಾಲ್ಕರಿಂದ ಎಂಟೂವರೆಯನ್ನು ಮಾತ್ರ ಗುಣಿಸಿ, ಬಳಿಕ 0.8 ಮತ್ತು 0.14ನ್ನು ಕಳೆದು 33.06 ಎಂದು ಹೇಳಿಬಿಟ್ಟೆ. ಮನೆಗೆ ಹೋಗಿ ಸಮಾಧಾನದಿಂದ ಮಾಡಿದಾಗ ತಿಳಿಯಿತು, ಕಳೆಯುವುದನ್ನು ಮೊದಲು ಮುಗಿಸಿ ಆಮೇಲೆ ಪೂರ್ತಿಯನ್ನು ನಾಲ್ಕರಿಂದ ಗುಣಿಸಬೇಕಿತ್ತು.

ಅಂಕ = 4 × (ಘನಾಂಶ − 0.2 × ಜಿಡ್ಡು − 0.14)

ಹೀಗೆ ಮಾಡಿದರೆ 30.24. ಸುಮಾರು ಮೂರು ಅಂಕದ ವ್ಯತ್ಯಾಸ ನಮ್ಮ ಕೆಲಸದಲ್ಲಿ ಸಣ್ಣದಲ್ಲ. ಮಾರನೆಯ ಬೆಳಿಗ್ಗೆ ಅವರನ್ನು ಕರೆದು ಸರಿಯಾದ ಸಂಖ್ಯೆಯನ್ನು ಹೇಳಿದೆ. ಮೇಡಂ ಅವರ ಮಕ್ಕಳು ಮಾಡಿದ ಎರಡನೆಯ ಬಗೆಯ ತಪ್ಪಿಗೆ ಇದು ಹತ್ತಿರದ್ದು ಎಂದು ಈಗ ಅನ್ನಿಸುತ್ತಿದೆ.

ಕೋಲಾರದ ಪದವಿಪೂರ್ವ ಕಾಲೇಜಿನ ಭೌತಶಾಸ್ತ್ರ ಉಪನ್ಯಾಸಕ

ತುಮಕೂರಿನ ವಿದ್ಯಾರ್ಥಿಯು ಸೂಚಿಸಿದ ತ್ರಿಕೋನದ ಬಗ್ಗೆ ನನಗೆ ಗಂಭೀರವಾದ ಆಕ್ಷೇಪವಿದೆ. ಒಂದು ರಾಶಿಯು ಬೇರೆ ಎರಡರ ಗುಣಲಬ್ಧವಾಗಿರುವ ಕಡೆ ಮಾತ್ರ ಅದು ನಡೆಯುತ್ತದೆ. ಸೂತ್ರದಲ್ಲಿ ಒಂದು ಸಂಕಲನ ಬಂದರೂ ತ್ರಿಕೋನ ನಿಂತುಹೋಗುತ್ತದೆ, ಆಗ ಮಗುವಿನ ಬಳಿ ಬೇರೇನೂ ಉಳಿದಿರುವುದಿಲ್ಲ. ಮೇಡಂ ಕೊಟ್ಟ ಚಲನೆಯ ಸೂತ್ರವನ್ನು ತ್ರಿಕೋನದಲ್ಲಿ ಬರೆಯಲು ಸಾಧ್ಯವೇ? ಪ್ರಥಮ ಪಿಯುಸಿಗೆ ಬರುವ ಮಕ್ಕಳಲ್ಲಿ ಹಲವರು ತ್ರಿಕೋನಗಳನ್ನು ಕಂಠಪಾಠ ಮಾಡಿಕೊಂಡು ಬಂದಿರುತ್ತಾರೆ. ಅದನ್ನು ಬಿಡಿಸಿ ಮೊದಲಿನಿಂದ ಕಲಿಸಲು ನಮಗೆ ಒಂದು ತಿಂಗಳು ಹಿಡಿಯುತ್ತದೆ.

ಇನ್ನೆರಡು ತಪ್ಪುಗಳನ್ನು ಇಲ್ಲಿ ದಾಖಲಿಸುತ್ತೇನೆ. ಮೊದಲನೆಯದು ವ್ಯುತ್ಕ್ರಮಗಳದ್ದು. ಸಮಾಂತರವಾಗಿ ಜೋಡಿಸಿದ ಎರಡು ರೋಧಕಗಳಿಗೆ

1 ÷ ಒಟ್ಟು ರೋಧ = 1 ÷ ಮೊದಲ ರೋಧ + 1 ÷ ಎರಡನೆಯ ರೋಧ

ಎಂದಿರುತ್ತದೆ. ಒಟ್ಟು ರೋಧ 2 ಓಮ್, ಮೊದಲನೆಯದು 3 ಓಮ್ ಇದ್ದಾಗ ಎರಡನೆಯದು ಎಷ್ಟು ಎಂದು ಕೇಳಿದರೆ, ಅನೇಕರು ಪ್ರತಿಯೊಂದು ಪದವನ್ನೂ ಬೇರೆ ಬೇರೆಯಾಗಿ ತಲೆಕೆಳಗು ಮಾಡಿ 2 − 3, ಅಂದರೆ ಋಣ 1 ಓಮ್ ಎಂದು ಬರೆಯುತ್ತಾರೆ. ತಲೆಕೆಳಗು ಮಾಡುವುದೂ ಒಂದು ಕ್ರಿಯೆ. ಅದು ಇಡೀ ಬದಿಗೆ ಅನ್ವಯಿಸಬೇಕೇ ಹೊರತು ಬದಿಯೊಳಗಿನ ಒಂದೊಂದು ಪದಕ್ಕೆ ಅಲ್ಲ. ಮೊದಲು 1/2ರಿಂದ 1/3ನ್ನು ಕಳೆದು 1/6 ಎಂದು ಒಂದೇ ಭಿನ್ನರಾಶಿ ಮಾಡಿಕೊಂಡು, ಅದನ್ನು ತಲೆಕೆಳಗು ಮಾಡಿದರೆ 6 ಓಮ್ ಸಿಗುತ್ತದೆ. ಮಸೂರದ ಸೂತ್ರದಲ್ಲಿಯೂ ಇದೇ ತಪ್ಪು ಪ್ರತಿವರ್ಷ ಬರುತ್ತದೆ.

ಎರಡನೆಯದು ವರ್ಗಮೂಲದ್ದು. ಸರಳ ಲೋಲಕದ ಆವರ್ತನ ಅವಧಿಯು 2 × ಪೈ × √(ಉದ್ದ ÷ ಗುರುತ್ವ ವೇಗೋತ್ಕರ್ಷ). ಉದ್ದವನ್ನು ಬಿಡಿಸಲು ಮಕ್ಕಳು ಅವಧಿಯನ್ನು ವರ್ಗ ಮಾಡಿ, ಇನ್ನೊಂದು ಬದಿಯಲ್ಲಿ ವರ್ಗಮೂಲದ ಚಿಹ್ನೆಯನ್ನಷ್ಟೇ ಅಳಿಸಿ, 2 × ಪೈ ಅನ್ನು ಹಾಗೆಯೇ ಬಿಡುತ್ತಾರೆ. ಎರಡು ಸೆಕೆಂಡಿನ ಲೋಲಕಕ್ಕೆ ಅವರ ಲೆಕ್ಕದಲ್ಲಿ ಆರು ಮೀಟರಿಗಿಂತ ಹೆಚ್ಚು ಉದ್ದ ಬರುತ್ತದೆ. ಮೊದಲು 2 × ಪೈ ಇಂದ ಭಾಗಿಸಿ, ಬಳಿಕ ವರ್ಗ ಮಾಡಿ, ಕೊನೆಗೆ ಗುರುತ್ವ ವೇಗೋತ್ಕರ್ಷದಿಂದ ಗುಣಿಸಿದರೆ 0.99 ಮೀಟರ್. ಪ್ರಯೋಗಾಲಯದಲ್ಲಿ ಒಂದು ಮೀಟರ್ ದಾರಕ್ಕೆ ಗುಂಡನ್ನು ಕಟ್ಟಿ ತೂಗಾಡಿಸಿ ತೋರಿಸಿದ ಮೇಲೆ ಆ ತಪ್ಪು ಬಹುಮಟ್ಟಿಗೆ ನಿಂತಿದೆ.

ತುಮಕೂರಿನ ಎಂಜಿನಿಯರಿಂಗ್ ವಿದ್ಯಾರ್ಥಿ

ಗೂಡಿನ ವಿಷಯದಲ್ಲಿ ಅಣ್ಣನವರ ತಿದ್ದುಪಡಿಯನ್ನೂ ತ್ರಿಕೋನದ ವಿಷಯದಲ್ಲಿ ಸರ್ ಅವರ ಆಕ್ಷೇಪವನ್ನೂ ಒಪ್ಪುತ್ತೇನೆ. ಚಲನೆಯ ಸೂತ್ರವನ್ನು ತ್ರಿಕೋನದಲ್ಲಿ ಬರೆಯಲು ಪ್ರಯತ್ನಿಸಿದೆ, ಆಗಲಿಲ್ಲ.

ಚಿಂತಾಮಣಿಯ ಪಂಪ್‌ಸೆಟ್ ರಿಪೇರಿ ಮಾಡುವವರು

ನಾನು ಐಟಿಐ ಓದಿದವನು. ನನ್ನ ಬಳಿಗೆ ಬರುವ ರೈತರ ಪ್ರಶ್ನೆ ಯಾವಾಗಲೂ ಒಂದೇ: ಹತ್ತು ಎಚ್‌ಪಿ ಮೋಟರು ಸಾವಿರ ಅಡಿಯಿಂದ ಎಷ್ಟು ನೀರು ಎತ್ತೀತು? ಪುಸ್ತಕದಲ್ಲಿರುವ ಸೂತ್ರ ಶಕ್ತಿಯನ್ನು ಕಂಡುಹಿಡಿಯಲು ಬರೆದದ್ದು.

ಕಿಲೋವ್ಯಾಟ್ = 9.81 × ನೀರು × ಎತ್ತರ ÷ (1000 × ದಕ್ಷತೆ)

ನೀರು ಸೆಕೆಂಡಿಗೆ ಲೀಟರ್‌ಗಳಲ್ಲಿ, ಎತ್ತರ ಮೀಟರ್‌ಗಳಲ್ಲಿ ಇರಬೇಕು. ರೈತನಿಗೆ ಶಕ್ತಿ ಗೊತ್ತಿದೆ, ಅದು ಮೋಟರಿನ ಫಲಕದ ಮೇಲೆ ಬರೆದಿದೆ. ಅವನಿಗೆ ಬೇಕಾಗಿರುವುದು ನೀರು. ಆದ್ದರಿಂದ ಎರಡೂ ಬದಿಗಳನ್ನು 1000 × ದಕ್ಷತೆಯಿಂದ ಗುಣಿಸಿ, 9.81 × ಎತ್ತರದಿಂದ ಭಾಗಿಸುತ್ತೇನೆ.

ನೀರು = 1000 × ದಕ್ಷತೆ × ಕಿಲೋವ್ಯಾಟ್ ÷ (9.81 × ಎತ್ತರ)

ಹತ್ತು ಎಚ್‌ಪಿ ಎಂದರೆ 7.46 ಕಿಲೋವ್ಯಾಟ್, ಸಾವಿರ ಅಡಿ ಎಂದರೆ 305 ಮೀಟರ್. ದಕ್ಷತೆಯನ್ನು 0.4 ಎಂದುಕೊಂಡರೆ ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಲೀಟರ್, ಗಂಟೆಗೆ 3600 ಲೀಟರ್. ನೀರು 1200 ಅಡಿಗೆ ಇಳಿದರೆ ಅದೇ ಮೋಟರಿನಿಂದ ಗಂಟೆಗೆ ಸುಮಾರು 3000 ಲೀಟರ್. ನಮ್ಮ ಕಡೆ ಸಾವಿರ ಅಡಿ ದಾಟಿದ ಕೊಳವೆಬಾವಿಗಳು ಈಗ ಅಪರೂಪವಲ್ಲದ ಕಾರಣ ಈ ಲೆಕ್ಕ ಬಹಳ ಮಂದಿಗೆ ಬೇಕಾಗುತ್ತದೆ. ಪೈಪಿನ ಘರ್ಷಣೆಯನ್ನು ಎತ್ತರಕ್ಕೆ ಸೇರಿಸಬೇಕು, ಎತ್ತರ ಬದಲಾದಾಗ ಪಂಪಿನ ದಕ್ಷತೆಯೂ ಬದಲಾಗುತ್ತದೆ; ಹಾಗಾಗಿ ಇದು ಅಂದಾಜು ಮಾತ್ರ.

ನನಗೆ ಇನ್ನೂ ಹೆಚ್ಚು ಉಪಯೋಗಕ್ಕೆ ಬಂದದ್ದು ಅದೇ ಸೂತ್ರವನ್ನು ದಕ್ಷತೆಗಾಗಿ ತಿರುಗಿಸಿದಾಗ. ದಕ್ಷತೆ ಛೇದದಲ್ಲಿ ಕುಳಿತಿರುವುದರಿಂದ ಮೊದಲು ಅದನ್ನು ಛೇದದಿಂದ ಮೇಲೆ ತರಬೇಕು, ಅಂದರೆ ಎರಡೂ ಬದಿಗಳನ್ನು ದಕ್ಷತೆಯಿಂದಲೇ ಗುಣಿಸಬೇಕು. ಆಮೇಲೆ ಕಿಲೋವ್ಯಾಟಿನಿಂದ ಭಾಗಿಸಬೇಕು. 200 ಲೀಟರ್ ಡ್ರಮ್ಮು ನಾಲ್ಕು ನಿಮಿಷದಲ್ಲಿ ತುಂಬಿತು ಎಂದಿಟ್ಟುಕೊಳ್ಳಿ, ಆಗ ಸೆಕೆಂಡಿಗೆ 0.83 ಲೀಟರ್. ನೀರಿನ ಮಟ್ಟ ಸಾವಿರ ಅಡಿಯಲ್ಲೇ ಇದ್ದು ಮೋಟರು ಪೂರ್ತಿ ಹೊರೆಯಲ್ಲಿ ಓಡುತ್ತಿದ್ದರೆ ದಕ್ಷತೆ 0.33 ಬರುತ್ತದೆ. ಹೊಸದಾಗಿ ಇಳಿಸಿದಾಗ 0.4 ಇದ್ದ ಪಂಪು ಈಗ 0.33ಕ್ಕೆ ಬಂದಿದ್ದರೆ, ಇಂಪೆಲ್ಲರ್ ಸವೆದಿರಬಹುದು ಅಥವಾ ಪೈಪಿನ ಜೋಡಣೆಯಲ್ಲಿ ಎಲ್ಲೋ ನೀರು ಸೋರುತ್ತಿರಬಹುದು ಎಂದು ಹೇಳಲು ನನ್ನ ಬಳಿ ಒಂದು ಆಧಾರ ಇರುತ್ತದೆ. ಪಂಪನ್ನು ಮೇಲೆತ್ತಿಸುವ ಖರ್ಚನ್ನು ರೈತರ ತಲೆಯ ಮೇಲೆ ಹೊರಿಸುವ ಮೊದಲು ಈ ಲೆಕ್ಕವನ್ನು ಮಾಡುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ಶ್ರೀನಿವಾಸಪುರ ತಾಲ್ಲೂಕಿನ ಪ್ರೌಢಶಾಲಾ ಗಣಿತ ಶಿಕ್ಷಕಿ

ಇಷ್ಟು ಉತ್ತರಗಳು ಬರುತ್ತವೆಂದು ನಾನು ನಿರೀಕ್ಷಿಸಿರಲಿಲ್ಲ; ಎಲ್ಲರಿಗೂ ಕೃತಜ್ಞತೆಗಳು. ಎರಡು ದಿನ ತರಗತಿಯಲ್ಲಿ ಮೇಷ್ಟರು ಹೇಳಿದ ಎರಡು ಪ್ರಶ್ನೆಗಳನ್ನೇ ಕೇಳಿಸಿದೆ. ಆ ಕಡೆ, ಈ ಕಡೆ ಎಂಬ ಮಾತುಗಳನ್ನು ನಾನೂ ಬಳಸಲಿಲ್ಲ, ಮಕ್ಕಳಿಗೂ ಬಳಸಬೇಡಿ ಎಂದೆ. ಮೊದಲ ಉದಾಹರಣೆಯಾಗಿ ಹುಳು ಸಾಕಣೆ ಮನೆಯ ಉಷ್ಣಮಾಪಕವನ್ನು ತೆಗೆದುಕೊಂಡೆ. ಫ್ಯಾರನ್‌ಹೀಟ್ ಅಂಕವು ಸೆಲ್ಸಿಯಸ್ಸಿನ 9/5 ಪಟ್ಟು ಮತ್ತು 32ರ ಮೊತ್ತ. ಮಾಪಕ 77 ತೋರಿಸಿದಾಗ ಸೆಲ್ಸಿಯಸ್ ಎಷ್ಟು ಎಂದು ಕೇಳಿದೆ. 32ನ್ನು ಮೊದಲು ಕಳೆದವರಿಗೆ 25 ಬಂತು, 5/9ರಿಂದ ಮೊದಲು ಗುಣಿಸಿದವರಿಗೆ 10.8 ಬಂತು. ಮನೆಯಲ್ಲಿ ಹುಳು ಸಾಕುವ ಮಕ್ಕಳು ಕೂಡಲೇ ಆ ಎರಡನೆಯ ಉತ್ತರ ಆಗಲಾರದು, ಅಷ್ಟು ಚಳಿಯಲ್ಲಿ ಹುಳು ಸೊಪ್ಪು ತಿನ್ನುವುದಿಲ್ಲ ಎಂದರು.

ಆದರೆ ಹೊಸ ತೊಡಕೊಂದು ಎದುರಾಗಿದೆ. ಸರಳ ಬಡ್ಡಿಯ ಒಟ್ಟು ಮೊತ್ತದ ಸೂತ್ರ ಹೀಗಿದೆ.

ಮೊತ್ತ = ಅಸಲು + ಅಸಲು × ದರ × ವರ್ಷ ÷ 100

ಇದರಲ್ಲಿ ಅಸಲನ್ನು ಬಿಡಿಸಿ ಎಂದಾಗ ಮಕ್ಕಳು ನನ್ನ ಎರಡು ಪ್ರಶ್ನೆಗಳನ್ನು ಕೇಳಿಕೊಂಡು ನಿಂತುಬಿಟ್ಟರು. ಅಸಲಿಗೆ ಮೊದಲು ಏನು ಮಾಡಲಾಗಿದೆ ಎಂದರೆ ಯಾವ ಅಸಲು ಎಂಬ ಪ್ರಶ್ನೆ ಬರುತ್ತದೆ. ಒಬ್ಬನು ಬಡ್ಡಿಯ ಭಾಗವನ್ನು ಎರಡೂ ಬದಿಗಳಿಂದ ಕಳೆದು, ಅಸಲು ಒಂಟಿಯಾಯಿತು ಎಂದು ಸಂತೋಷಪಟ್ಟ. ಆದರೆ ಇನ್ನೊಂದು ಬದಿಯಲ್ಲಿ ಅಸಲು ಹಾಗೆಯೇ ಉಳಿದಿತ್ತು.

ಚಿಕ್ಕಬಳ್ಳಾಪುರದ ನಿವೃತ್ತ ಮುಖ್ಯೋಪಾಧ್ಯಾಯರು

ಹಿಂದಕ್ಕೆ ಬಿಚ್ಚುವ ವಿಧಾನದ ಮಿತಿ ಇದೇ, ಅದನ್ನು ಮಕ್ಕಳಿಗೆ ಮುಚ್ಚಿಡಬಾರದು. ಅಕ್ಷರವು ಒಂದೇ ಕಡೆ ಇದ್ದಾಗ ಮಾತ್ರ ಅದಕ್ಕೆ ಒಂದು ಸರಳ ಕಥೆ ಇರುತ್ತದೆ. ಎರಡು ಕಡೆ ಇದ್ದಾಗ ಮೊದಲು ಅವೆರಡನ್ನೂ ಒಂದೇ ಬದಿಗೆ ಕೂಡಿಸಿ, ಸಾಮಾನ್ಯ ಅಪವರ್ತನವಾಗಿ ಹೊರಗೆ ತೆಗೆದು, ಎರಡನ್ನು ಒಂದಾಗಿಸಬೇಕು. ನಿಮ್ಮ ಸೂತ್ರದಲ್ಲಿ ಅವು ಈಗಾಗಲೇ ಒಂದೇ ಬದಿಯಲ್ಲಿವೆ.

ಮೊತ್ತ = ಅಸಲು × (1 + ದರ × ವರ್ಷ ÷ 100)

ಈಗ ಅಸಲು ಒಮ್ಮೆ ಮಾತ್ರ ಇದೆ, ಅದಕ್ಕೆ ಒಂದೇ ಕೆಲಸ ಮಾಡಲಾಗಿದೆ. ಆವರಣದಿಂದ ಭಾಗಿಸಿ, ಅಂಶ ಛೇದಗಳನ್ನು ನೂರರಿಂದ ಗುಣಿಸಿದರೆ

ಅಸಲು = 100 × ಮೊತ್ತ ÷ (100 + ದರ × ವರ್ಷ)

ಎರಡು ವರ್ಷಕ್ಕೆ ಶೇಕಡಾ 9ರಂತೆ ಒಟ್ಟು 11,800 ರೂಪಾಯಿ ಕಟ್ಟಿದ್ದರೆ ಅಸಲು 10,000. ಆವರಣದ ಒಳಗಿನ ಒಂದನ್ನು ಮಕ್ಕಳು ಮರೆಯುತ್ತಾರೆ. ಅಸಲು ಎಂದರೆ ಅಸಲು × 1 ಎಂದು ಕಪ್ಪುಹಲಗೆಯ ಮೇಲೆ ಬರೆದ ಮೇಲೆಯೇ ಅಪವರ್ತನಕ್ಕೆ ಹೋಗಿ.

ಕೋಲಾರದ ಪದವಿಪೂರ್ವ ಕಾಲೇಜಿನ ಭೌತಶಾಸ್ತ್ರ ಉಪನ್ಯಾಸಕ

ಇದಕ್ಕೆ ಒಂದು ಎಚ್ಚರಿಕೆಯನ್ನು ಸೇರಿಸುತ್ತೇನೆ. ಮ = (ಸ + 3) ÷ (ಸ − 2) ಎಂಬ ಸೂತ್ರದಲ್ಲಿ ಸ ಅನ್ನು ಬಿಡಿಸಬೇಕೆಂದುಕೊಳ್ಳಿ. ಛೇದದಿಂದ ಎರಡೂ ಬದಿಗಳನ್ನು ಗುಣಿಸಿದರೆ ಮ × ಸ − 2 × ಮ = ಸ + 3. ಸ ಇರುವ ಪದಗಳನ್ನು ಒಂದು ಬದಿಯಲ್ಲಿಯೂ ಉಳಿದವನ್ನು ಇನ್ನೊಂದು ಬದಿಯಲ್ಲಿಯೂ ಕೂಡಿಸಿದರೆ ಸ × (ಮ − 1) = 2 × ಮ + 3. ಆದ್ದರಿಂದ ಸ = (2 × ಮ + 3) ÷ (ಮ − 1). ಮ ಆರು ಆದಾಗ ಸ ಮೂರು. ಹಿಂದಿನ ಸೂತ್ರದಲ್ಲಿ ಹಾಕಿ ನೋಡಿದರೆ ಸರಿಹೊಂದುತ್ತದೆ. ಆದರೆ ಮ ಒಂದು ಆದರೆ ನಾವು ಸೊನ್ನೆಯಿಂದ ಭಾಗಿಸಿದಂತಾಗುತ್ತದೆ. ಮೂಲ ಸೂತ್ರವನ್ನು ನೋಡಿದರೆ ಕಾರಣ ತಿಳಿಯುತ್ತದೆ: ಮ ಒಂದಾಗಬೇಕಾದರೆ ಸ + 3 ಮತ್ತು ಸ − 2 ಸಮವಾಗಬೇಕು, ಅದು ಎಂದಿಗೂ ಆಗದು. ಅಕ್ಷರದಿಂದ ಭಾಗಿಸುವಾಗಲೆಲ್ಲ, ಇದು ಸೊನ್ನೆಯಾಗದಿದ್ದರೆ ಎಂದು ಪಕ್ಕದಲ್ಲಿ ಬರೆಯುವ ಅಭ್ಯಾಸವನ್ನು ಪ್ರೌಢಶಾಲೆಯಲ್ಲಿಯೇ ಮಾಡಿಸಿದರೆ ನಮಗೆ ದೊಡ್ಡ ಉಪಕಾರವಾಗುತ್ತದೆ.

ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚಾಣಿಕೆದಾರ

ಮೇಷ್ಟರು ಬರೆದುಕೊಟ್ಟ ಸೂತ್ರವನ್ನು ನನ್ನ ಲೆಕ್ಕದ ಪುಸ್ತಕದ ಮೊದಲ ಹಾಳೆಗೆ ಅಂಟಿಸಿಕೊಂಡಿದ್ದೇನೆ. ರೆಂಡಿಟಾ 7 ಇದ್ದದ್ದು 7.5 ಆದರೆ ಗೂಡಿನ ಬೆಲೆ 600ರಿಂದ 560ಕ್ಕೆ ಇಳಿಯಬೇಕು ಎಂದು ಅದರಿಂದ ತಿಳಿಯಿತು. ನನ್ನ ಕೈ ಅಂದಾಜು ಅರ್ಧ ಕಿಲೋ ತಪ್ಪಿದರೆ ಪ್ರತಿ ಕಿಲೋ ಗೂಡಿಗೆ ನಲವತ್ತು ರೂಪಾಯಿ ಹೆಚ್ಚು ಕೊಟ್ಟಂತೆ.

ಈಗ ಇನ್ನೊಂದು ಸಂದೇಹ. ಕೆಲವು ದಿನ ಬೆಲೆ ನನ್ನ ಕೈಯಲ್ಲಿರುವುದಿಲ್ಲ, ಹರಾಜಿನಲ್ಲಿ ಎಲ್ಲರೂ 640ಕ್ಕೆ ಕೂಗುತ್ತಿರುತ್ತಾರೆ. ಆಗ ನಾನು ಗೂಡನ್ನು ಕತ್ತರಿಸಿ ನೋಡುವುದು, ಈ ಲಾಟಿನ ರೆಂಡಿಟಾ ಎಷ್ಟರೊಳಗೆ ಇದ್ದರೆ ನನಗೆ ಗಿಟ್ಟುತ್ತದೆ ಎಂಬುದನ್ನು ತಿಳಿಯಲು. ಅದಕ್ಕೆ ಮೊದಲಿನಿಂದ ಬಿಡಿಸಬೇಕೇ?

ಶ್ರೀನಿವಾಸಪುರ ತಾಲ್ಲೂಕಿನ ಪ್ರೌಢಶಾಲಾ ಗಣಿತ ಶಿಕ್ಷಕಿ

ಅಣ್ಣನವರೇ, ನಿಮ್ಮ ಪ್ರಶ್ನೆಯನ್ನು ಇವತ್ತು ತರಗತಿಯಲ್ಲಿಯೇ ಇಟ್ಟೆ. ಛೇದದಲ್ಲಿ ಋಣಚಿಹ್ನೆ ಇಟ್ಟಿದ್ದ ಅದೇ ಹುಡುಗಿ ಹಲಗೆಯ ಬಳಿಗೆ ಬಂದು ಬಿಡಿಸಿದಳು. ಮೊದಲಿನಿಂದ ಮಾಡಬೇಕಾಗಿಲ್ಲ, ಗೂಡಿನ ಬೆಲೆಗಾಗಿ ಬರೆದ ಸಾಲಿನಿಂದಲೇ ಹೊರಡಬಹುದು ಎಂದಳು. ಅಲ್ಲಿ ರೆಂಡಿಟಾ ಛೇದದಲ್ಲಿದೆ. ಎರಡೂ ಬದಿಗಳನ್ನು ರೆಂಡಿಟಾದಿಂದ ಗುಣಿಸಿ, ಬಳಿಕ ಗೂಡಿನ ಬೆಲೆಯಿಂದ ಭಾಗಿಸಿದಳು.

ರೆಂಡಿಟಾ = (ನೂಲಿನ ಬೆಲೆ + ತ್ಯಾಜ್ಯದ ಆದಾಯ − ಖರ್ಚು − ಲಾಭ) ÷ ಗೂಡಿನ ಬೆಲೆ

ನಿಮ್ಮ ಸಂಖ್ಯೆಗಳಿಗೆ 4200 ÷ 640, ಅಂದರೆ 6.56. ರೆಂಡಿಟಾ ಅದಕ್ಕಿಂತ ಹೆಚ್ಚು ಬೀಳುವಂತೆ ಕಂಡರೆ ಆ ಬೆಲೆಗೆ ನಿಮ್ಮ 150 ರೂಪಾಯಿ ಲಾಭ ಉಳಿಯುವುದಿಲ್ಲ. ಅವಳು ಉತ್ತರವನ್ನು ಮೂಲ ಸೂತ್ರದಲ್ಲಿ ಹಾಕಿ ತಾಳೆ ನೋಡಿದಾಗ ಲಾಭ 151 ರೂಪಾಯಿ 60 ಪೈಸೆ ಬಂತು. ಒಂದು ರೂಪಾಯಿ ಅರವತ್ತು ಪೈಸೆ ಎಲ್ಲಿಂದ ಬಂತು ಎಂದು ತರಗತಿಯೇ ಕೇಳಿತು. ಪೂರ್ಣ ಉತ್ತರ 6.5625 ಇದ್ದದ್ದನ್ನು ನಾವು 6.56 ಎಂದು ಮೊಟಕುಗೊಳಿಸಿದ್ದರಿಂದ ಎಂದು ಅವಳೇ ಹೇಳಿ, ಪೂರ್ಣ ಸಂಖ್ಯೆಯನ್ನು ಹಾಕಿ 150ಕ್ಕೆ ತಂದು ತೋರಿಸಿದಳು.